‘ದಿ ಎಕ್ಸಾರ್ಸಿಸ್ಟ್’ ನೋಡಿ ಮಕ್ಕಳು ನಕ್ಕರು: ಆ ಸಿನಿಮಾ ಹಳತಾಯಿತೇ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ, ಹುಡುಗಿಯೊಬ್ಬಳಿಗೆ ದೆವ್ವ ಹಿಡಿಯುವ ಕಥೆಯ ‘ದಿ ಎಕ್ಸಾರ್ಸಿಸ್ಟ್’ ನೋಡಿ ವಾರಗಟ್ಟಲೆ ನಿದ್ದೆಗೆಟ್ಟವಳು ನಾನು. ಈಚೆಗೆ ಅದನ್ನು ನನ್ನ ಮಗಳಿಗೂ ಮಗನಿಗೂ ತೋರಿಸಿದೆ. ಮಗಳಿಗೆ 21 ವರ್ಷ, ಮಗನಿಗೆ 18. ಮೊದಲ ಭಾಗ ಎಳೆದಂತಿದೆ ಎಂದು ಅಲ್ಲಲ್ಲಿ ಓಡಿಸಿಕೊಂಡು ನೋಡಿದರು. ಹುಡುಗಿಯ ತಲೆ ಪೂರ್ತಿ ಹಿಂದಕ್ಕೆ ತಿರುಗುವಾಗ, ಹಸಿರು ವಾಂತಿ ಚಿಮ್ಮುವಾಗ ಬಿದ್ದು ಬಿದ್ದು ನಕ್ಕರು. ಆದರೆ ಆಸ್ಪತ್ರೆಯಲ್ಲಿ ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚುವ ದೃಶ್ಯದಲ್ಲಿ ಮಗ ಎದ್ದು ಹೊರಗೆ ಹೋದ. ನಾವು ಕೆಲವು ಗೆಳೆಯರು ಸೇರಿ ಒಂದು ಪುಟ್ಟ ಚಿತ್ರ ಸಮಾಜ ನಡೆಸುತ್ತೇವೆ; ಮುಂದಿನ ಪ್ರದರ್ಶನಕ್ಕೆ ಇದೇ ಸಿನಿಮಾ ಎಂದು ಗೊತ್ತುಮಾಡಿದ್ದೆವು. ಈಗ ನನಗೇ ಅನುಮಾನ ಹುಟ್ಟಿದೆ. ಇದರ ಹೆಸರು ಉಳಿದಿರುವುದು ಬರೀ ನಮ್ಮಂಥವರ ಹಳೆಯ ನೆನಪಿನಿಂದಲೇ? ನಮ್ಮ ಸದಸ್ಯರೊಬ್ಬರು, ಇದು ಶಾಪ ತಟ್ಟಿದ ಸಿನಿಮಾ, ಕಣ್ಣಿಗೆ ಕಾಣದ ಚಿತ್ರಗಳನ್ನು ಇದರಲ್ಲಿ ಹುದುಗಿಸಿದ್ದಾರೆ, ಮನಸ್ಸಿಗೆ ಕೆಡುಕು ಎನ್ನುತ್ತಾರೆ. ಇದರಲ್ಲಿ ನಿಜವೆಷ್ಟು? ತೋರಿಸುವುದಾದರೆ ಹಳೆಯ ಆವೃತ್ತಿಯೋ, ಅನಂತರ ಬಂದ ಉದ್ದನೆಯದೋ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ ಎಂದು ನನಗೆ ತೋರುತ್ತದೆ. ಅಂದು ನಿಮ್ಮನ್ನು ಹೆದರಿಸಿದ್ದು ಆ ಸಿನಿಮಾವೋ, ನಿಮ್ಮ ಆಗಿನ ವಯಸ್ಸೋ? ಇದಕ್ಕೆ ಉತ್ತರವೂ ನಿಮ್ಮ ಪತ್ರದಲ್ಲೇ ಇದೆ. ಮಕ್ಕಳು ನಕ್ಕದ್ದು ದೆವ್ವ ತೆರೆಯ ಮೇಲೆ ಆರ್ಭಟಿಸುವಾಗ. ಮಗ ಎದ್ದು ಹೋದದ್ದು ದೆವ್ವದ ಸುಳಿವೇ ಇಲ್ಲದ, ಬರೀ ವೈದ್ಯರೂ ಯಂತ್ರಗಳೂ ಇರುವ ದೃಶ್ಯದಲ್ಲಿ. ಸಂಕಲನ ಮತ್ತು ಧ್ವನಿಯ ಪಾಠಕ್ಕಾಗಿ ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿದಾಗಲೆಲ್ಲ ನಾನು ಕಂಡಿರುವುದೂ ಹೀಗೆಯೇ: ನಗು ಎಲ್ಲಿ ಬರುತ್ತದೆಂದು ಮೊದಲೇ ಹೇಳಬಹುದು, ಉಸಿರು ಎಲ್ಲಿ ಬಿಗಿಯಾಗುತ್ತದೆಂಬುದನ್ನೂ ಹೇಳಬಹುದು, ಇವೆರಡೂ ಒಂದೇ ಜಾಗದಲ್ಲಿ ಆಗುವುದಿಲ್ಲ. ಮಗುವಿಗೆ ಏನಾಗಿದೆ ಎಂದು ಯಾರಿಂದಲೂ ತಿಳಿಯಲಾರದ ತಾಯಿಯೊಬ್ಬಳ ಸಂಕಟವನ್ನು ಈ ಸಿನಿಮಾ ತಾಳ್ಮೆಯಿಂದ ಹೇಳುತ್ತದೆ. ಕೇಳಬೇಕಾದವರನ್ನೆಲ್ಲ ಕೇಳಿ, ಮಾಡಿಸಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿಸಿ ಅವಳು ಸೋತ ಮೇಲಷ್ಟೇ ದೆವ್ವ ಬಿಡಿಸುವವರನ್ನು ಮನೆಯೊಳಗೆ ಕರೆತರುತ್ತದೆ. ಅದರ ಬಾಳಿಕೆಯ ಗುಟ್ಟು ಅಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಮಕ್ಕಳು ಓಡಿಸಿದ್ದು ಸರಿಯಾಗಿ ಆ ಭಾಗವನ್ನೇ.

ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 1973ರ ಡಿಸೆಂಬರ್ 26ರಂದು. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಸಾಕ್ಷ್ಯಚಿತ್ರಗಳಿಂದ ಬಂದವರು. ಅದಕ್ಕೆ ಎರಡು ವರ್ಷ ಮೊದಲು ನ್ಯೂಯಾರ್ಕಿನ ಬೀದಿಗಳಲ್ಲಿ ಚಿತ್ರೀಕರಿಸಿದ ಪೊಲೀಸ್ ಕಥೆಯೊಂದಕ್ಕೆ ಆಸ್ಕರ್ ಪಡೆದಿದ್ದರು. ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದ ವಿಲಿಯಂ ಪೀಟರ್ ಬ್ಲ್ಯಾಟಿ ದೇವರಲ್ಲಿ ಗಾಢವಾಗಿ ನಂಬಿಕೆಯಿಟ್ಟಿದ್ದ ಕ್ಯಾಥೊಲಿಕ್. ನಂಬುವ ಲೇಖಕ ಬರೆದದ್ದನ್ನು, ಕಂಡದ್ದನ್ನಷ್ಟೇ ದಾಖಲಿಸುವ ಅಭ್ಯಾಸವಿದ್ದ ನಿರ್ದೇಶಕ ಚಿತ್ರೀಕರಿಸಿದಾಗ ಆ ಎರಡರ ನಡುವೆ ಒಂದು ಬಿಗಿ ಹುಟ್ಟಿತು. ಆಮೇಲೆ ಬಂದ ನೂರಾರು ದೆವ್ವದ ಸಿನಿಮಾಗಳಲ್ಲಿ ಇಲ್ಲದಿರುವುದು ಆ ಬಿಗಿಯೇ.

ಮಗ ಎದ್ದು ಹೋದ ದೃಶ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಹನ್ನೆರಡು ವರ್ಷದ ರೀಗನ್‌ಳನ್ನು ಮೇಜಿನ ಮೇಲೆ ಮಲಗಿಸಿದ್ದಾರೆ. ಮಿದುಳಿನ ಟೆಂಪೊರಲ್ ಲೋಬ್ ಎಂಬ ಭಾಗದಲ್ಲಿ ಗಾಯವೇನಾದರೂ ಇರಬಹುದೇ ಎಂಬುದು ವೈದ್ಯರ ಶಂಕೆ. ಸಿಟಿ ಸ್ಕ್ಯಾನ್ ಆಗಷ್ಟೇ ಬಳಕೆಗೆ ಬರುತ್ತಿದ್ದ ಕಾಲವದು; ಮಿದುಳಿನ ರಕ್ತನಾಳಗಳನ್ನು ನೋಡಬೇಕಾದರೆ ಕುತ್ತಿಗೆಯ ಅಪಧಮನಿಗೆ ಸೂಜಿ ಚುಚ್ಚಿ, ಎಕ್ಸ್-ರೇಯಲ್ಲಿ ಕಾಣುವಂಥ ದ್ರವವನ್ನು ಅದರೊಳಗೆ ಹರಿಸಬೇಕಿತ್ತು. ಸೂಜಿ ಒಳಗೆ ಹೋಗುತ್ತದೆ, ರಕ್ತ ಚಿಮ್ಮುತ್ತದೆ, ಕೊಳವೆ ಜೋಡಿಸುತ್ತಾರೆ, ಯಂತ್ರ ದಢದಢ ಬಡಿಯತೊಡಗುತ್ತದೆ. ಹಿನ್ನೆಲೆ ಸಂಗೀತವಿಲ್ಲ. ವೈದ್ಯರಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರೂ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದಾರೆ, ಆದರೂ ಆ ಮಗು ಮೇಜಿನ ಮೇಲೆ ಒಂಟಿ. ನೋಡುವವರು ‘ಇದು ಸಿನಿಮಾ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳಲು ಇಲ್ಲಿ ಆಸರೆಯೇ ಸಿಗುವುದಿಲ್ಲ, ಏಕೆಂದರೆ ಇಂಥದ್ದು ನಿಜಕ್ಕೂ ಆಸ್ಪತ್ರೆಗಳಲ್ಲಿ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಒಬ್ಬ ವೈದ್ಯರಾದ ಮೇಲೆ ಇನ್ನೊಬ್ಬರು ಬರುತ್ತಾರೆ. ಕೊನೆಗೆ ಉದ್ದನೆಯ ಮೇಜಿನ ಸುತ್ತ ಕೂತ ವೈದ್ಯರ ಮುಂದೆ ತಾಯಿ ಕ್ರಿಸ್ ಸಿಡಿದೇಳುತ್ತಾಳೆ. ಎಲೆನ್ ಬರ್ಸ್ಟಿನ್ ಆ ಪಾತ್ರವನ್ನು ನಿರ್ವಹಿಸಿರುವ ರೀತಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ದೆವ್ವ ಬಿಡಿಸುವ ವಿಧಿಯನ್ನು ಮೊದಲು ಸೂಚಿಸುವವರು ಆ ವೈದ್ಯರೇ: ತನಗೆ ದೆವ್ವ ಹಿಡಿದಿದೆ ಎಂದು ರೋಗಿ ನಂಬಿದ್ದರೆ, ಅದನ್ನು ಬಿಡಿಸುವ ವಿಧಿಯಲ್ಲಿ ಇಟ್ಟ ನಂಬಿಕೆಯೂ ಗುಣಪಡಿಸಬಹುದು ಎಂಬುದು ಅವರ ತರ್ಕ. ಬೇಡವೆನ್ನುವವರು ಪಾದ್ರಿ! ಫಾದರ್ ಕ್ಯಾರಸ್ ಮನೋವೈದ್ಯರೂ ಹೌದು, ಸ್ವಂತ ನಂಬಿಕೆಯೇ ಅಲುಗಾಡುತ್ತಿರುವವರೂ ಹೌದು. ಅವರು ಮಾಮೂಲಿ ನಲ್ಲಿ ನೀರನ್ನು ಪವಿತ್ರ ಜಲವೆಂದು ಹೇಳಿ ಹುಡುಗಿಯ ಮೇಲೆ ಚಿಮುಕಿಸುತ್ತಾರೆ. ಅವಳು ಸುಟ್ಟವಳಂತೆ ಹೊರಳಾಡುತ್ತಾಳೆ. ಅಂದರೆ ಇದು ಮನೋರೋಗವಿರಬಹುದು ಎಂಬ ವಾದಕ್ಕೆ ಕಥೆಯ ಅಷ್ಟು ದೂರದವರೆಗೂ ಸಿನಿಮಾ ಪುರಾವೆ ಒದಗಿಸುತ್ತಲೇ ಇರುತ್ತದೆ. ಪ್ರೇಕ್ಷಕರ ಸಂಶಯವನ್ನು ಹೀಗೆ ಗೌರವಿಸುವುದರಿಂದಲೇ, ಸುಮಾರು ಕೊನೆಯ ಅರ್ಧ ಗಂಟೆಯಲ್ಲಿ ಹಿರಿಯ ಪಾದ್ರಿ ಮೆರಿನ್ ಮಂಜಿನ ರಾತ್ರಿಯಲ್ಲಿ ಆ ಮನೆಯ ಮುಂದೆ ಬಂದು ನಿಲ್ಲುವಾಗ ದೇವರನ್ನು ನಂಬದವರೂ ಅವರ ಬರವಿಗಾಗಿ ಕಾದಿರುತ್ತಾರೆ.

ಧ್ವನಿ ನನ್ನ ಕ್ಷೇತ್ರವಾದ್ದರಿಂದ ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಅನುಮತಿಯಿರಲಿ. ಈ ಚಿತ್ರಕ್ಕೆ ಮೊದಲು ಸಿದ್ಧಪಡಿಸಿದ ಹಿನ್ನೆಲೆ ಸಂಗೀತವನ್ನು ಫ್ರೀಡ್ಕಿನ್ ತಿರಸ್ಕರಿಸಿದರು. ಪೆಂಡರೆಟ್ಸ್ಕಿಯಂಥ ಆಧುನಿಕ ಸಂಯೋಜಕರ ಕೃತಿಗಳ ತುಣುಕುಗಳನ್ನೂ ಮೈಕ್ ಓಲ್ಡ್‌ಫೀಲ್ಡ್ ಅವರ ‘ಟ್ಯೂಬ್ಯುಲರ್ ಬೆಲ್ಸ್’ನ ಆರಂಭವನ್ನೂ ಅಲ್ಲಲ್ಲಿ ಮಿತವಾಗಿ ಬಳಸಿ, ಉಳಿದೆಡೆ ಸದ್ದನ್ನು ಮತ್ತು ನಿಶ್ಶಬ್ದವನ್ನು ನೆಚ್ಚಿಕೊಂಡರು. ಇರಾಕಿನಲ್ಲಿ ನಡೆಯುವ ಮೊದಲ ದೃಶ್ಯಗಳಲ್ಲಿ ಗುದ್ದಲಿಯ ಪೆಟ್ಟು, ಕಮ್ಮಾರನ ಸುತ್ತಿಗೆ, ಕಚ್ಚಾಡುವ ನಾಯಿಗಳ ಸದ್ದು ಕಿವಿ ತುಂಬುತ್ತವೆ. ಅಲ್ಲಿಂದ ನೇರವಾಗಿ ವಾಷಿಂಗ್ಟನ್ನಿನ ಜಾರ್ಜ್‌ಟೌನಿನ ಶಾಂತ ರಾತ್ರಿ. ಗದ್ದಲದಿಂದ ಮೌನಕ್ಕೆ ಹೀಗೆ ಮತ್ತೆ ಮತ್ತೆ ಜಾರಿಸುವುದರಿಂದ ಕಿವಿ ಸದಾ ಎಚ್ಚರದಲ್ಲಿರುತ್ತದೆ, ಮನೆಯ ಅಟ್ಟದ ಮೇಲಿನ ಸಣ್ಣ ಪರಚುವ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ. ದೆವ್ವದ ದನಿ ನಟಿ ಮರ್ಸಿಡಿಸ್ ಮೆಕೇಂಬ್ರಿಜ್ ಅವರದ್ದು. ಗಂಟಲನ್ನು ಕೆಡಿಸಿಕೊಳ್ಳಲು ಅವರು ಹಸಿ ಮೊಟ್ಟೆ ನುಂಗಿ, ಸಿಗರೇಟಿನ ಮೇಲೆ ಸಿಗರೇಟು ಸೇದಿ, ಮದ್ಯ ಕುಡಿದು, ಕುರ್ಚಿಗೆ ಕಟ್ಟಿಸಿಕೊಂಡು ಆ ಮಾತುಗಳನ್ನು ಹೇಳಿದರು. ಮಕ್ಕಳು ನಕ್ಕ ಆ ತಲೆ ತಿರುಗುವ ದೃಶ್ಯದಲ್ಲಿ ಕೇಳಿಸುವ ಎಲುಬಿನ ಲಟಲಟ ಸದ್ದು ಹಳೆಯ ಚರ್ಮದ ಪರ್ಸೊಂದನ್ನು ಮೈಕಿನ ಮುಂದೆ ತಿರುಚಿ ಮಾಡಿದ್ದು. ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನಗಳು ದೊರೆತು, ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಆಯ್ಕೆಯಾದ ಮೊದಲ ಭಯಾನಕ ಸಿನಿಮಾ ಎಂಬ ಹೆಸರೂ ಬಂತು. ಗೆದ್ದ ಎರಡು ಪ್ರಶಸ್ತಿಗಳು ಚಿತ್ರಕಥೆಗೆ ಮತ್ತು ಧ್ವನಿಗೆ. ತಲೆ ತಿರುಗಿದ್ದಕ್ಕೆ ಪ್ರಶಸ್ತಿ ಬರಲಿಲ್ಲ ಎಂಬುದನ್ನು ನಿಮ್ಮ ಮಕ್ಕಳಿಗೆ ಹೇಳಬಹುದು.

ಹಾಗಾದರೆ ಅವರ ನಗು ತಪ್ಪೇ? ಖಂಡಿತ ಅಲ್ಲ. ಆ ದೃಶ್ಯಗಳನ್ನು ಅಣಕಿಸಿದ ಹಾಸ್ಯಚಿತ್ರಗಳನ್ನು, ತುಣುಕು ವಿಡಿಯೋಗಳನ್ನು ಮೂಲ ಸಿನಿಮಾಕ್ಕಿಂತ ಮೊದಲೇ ನೋಡಿಬಿಟ್ಟ ಪೀಳಿಗೆ ಇದು. ನಕಲನ್ನು ಮೊದಲು ಕಂಡವರಿಗೆ ಅಸಲು ತಮಾಷೆಯಾಗಿ ಕಾಣುವುದು ಸಹಜ. ಜೊತೆಗೆ, ಕೂತ ಗೊಂಬೆಯ ತಲೆ ತಿರುಗುತ್ತಿದೆ ಎಂಬುದು ಇಂದಿನ ಕಣ್ಣಿಗೆ ತಿಳಿದುಹೋಗುತ್ತದೆ. ವಾಂತಿ ಬಟಾಣಿ ಸೂಪಿನದೆಂಬುದೂ ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಅದೇ ಕೋಣೆಯಲ್ಲಿ ಕಣ್ಣಿಗೆ ಬೀಳದೆ ಕೆಲಸ ಮಾಡುವ ಉಪಾಯಗಳೂ ಇವೆ. ಪಾದ್ರಿಗಳ ಬಾಯಿಂದ ಹೊರಡುವ ಹಬೆ ನಿಜವಾದ ಹಬೆ. ಹವಾನಿಯಂತ್ರಕಗಳಿಂದ ಮಲಗುವ ಕೋಣೆಯ ಸೆಟ್ಟನ್ನು ನೀರು ಹೆಪ್ಪುಗಟ್ಟುವುದಕ್ಕಿಂತ ಕೆಳಗಿನ ತಾಪಮಾನಕ್ಕೆ ಇಳಿಸಿ ಚಿತ್ರೀಕರಿಸಿದರು. ತೆಳು ಬಟ್ಟೆಯಲ್ಲಿದ್ದ, ರೀಗನ್ ಪಾತ್ರದ ಲಿಂಡಾ ಬ್ಲೇರ್ ನಡುಗುವುದನ್ನು ನಟಿಸಬೇಕಾಗಿರಲಿಲ್ಲ. ಮೆರಿನ್ ಪಾತ್ರದ ಮ್ಯಾಕ್ಸ್ ವಾನ್ ಸಿಡೋ ಅವರಿಗೆ ಆಗ ಇನ್ನೂ ನಲವತ್ತರ ಆಸುಪಾಸು. ಡಿಕ್ ಸ್ಮಿತ್ ಅವರ ಪ್ರಸಾಧನವನ್ನು ಯಾರೂ ಗುರುತಿಸದೆ, ಈ ನಟ ವೃದ್ಧರೇ ಎಂದು ವರ್ಷಾನುಗಟ್ಟಲೆ ನಂಬಿದ್ದ ಪ್ರೇಕ್ಷಕರಿದ್ದರು.

ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ, ಮಕ್ಕಳು ಕೈತಪ್ಪಿ ಹೋಗುತ್ತಿದ್ದಾರೆ ಎಂಬ ಹೆತ್ತವರ ಆತಂಕ, ಇವುಗಳಿಂದ ಕಂಗೆಟ್ಟ ಅಮೆರಿಕ ಈ ಕಥೆಯಲ್ಲಿ ತನ್ನನ್ನೇ ಕಂಡಿತು ಎಂಬ ವಿವರಣೆಯನ್ನೂ ನೀವು ಓದಿರಬಹುದು. 1973ರ ಚಳಿಯಲ್ಲಿ ಚಿತ್ರಮಂದಿರಗಳ ಮುಂದೆ ಜನ ಸಾಲುಗಟ್ಟಿ ನಿಂತದ್ದಕ್ಕೆ ಅದು ಕಾರಣವಿರಬಹುದು. ಆ ಆತಂಕಗಳ ಅರಿವೇ ಇಲ್ಲದ ನಿಮ್ಮ ಮಗ ಎದ್ದು ಹೋದದ್ದಕ್ಕೆ ಅದು ಕಾರಣವಾಗಲಾರದು.

ಇನ್ನು ಶಾಪದ ಮಾತು. ಇಲ್ಲಿ ನಡೆದ ಸಂಗತಿಗಳು ನಿಜ, ಅವುಗಳಿಗೆ ಹಚ್ಚಿದ ಅರ್ಥ ಸುಳ್ಳು. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಹಾಕಿದ್ದ ಮನೆಯ ಸೆಟ್ ಬೆಂಕಿಗೆ ಆಹುತಿಯಾಗಿ ಚಿತ್ರೀಕರಣ ವಾರಗಟ್ಟಲೆ ನಿಂತಿತು. ಕುಡುಕ ನಿರ್ದೇಶಕನ ಪಾತ್ರ ಮಾಡಿದ್ದ ಜ್ಯಾಕ್ ಮೆಕ್‌ಗೋರನ್, ಕ್ಯಾರಸ್‌ರ ತಾಯಿಯ ಪಾತ್ರ ಮಾಡಿದ್ದ ವಾಸಿಲಿಕಿ ಮಾಲಿಯಾರೋಸ್ ಇಬ್ಬರೂ ಸಿನಿಮಾ ಬಿಡುಗಡೆಯಾಗುವ ಮೊದಲೇ, 1973ರ ಆರಂಭದಲ್ಲಿ ತೀರಿಕೊಂಡರು. ಕಥೆಯಲ್ಲೂ ಆ ಎರಡು ಪಾತ್ರಗಳು ಸಾಯುವುದರಿಂದ ಜನರ ಕಲ್ಪನೆಗೆ ರೆಕ್ಕೆ ಬಂತು. ಮೆಕ್‌ಗೋರನ್ ಸತ್ತದ್ದು ಇನ್‌ಫ್ಲುಯೆನ್ಜಾದಿಂದ; ಮಾಲಿಯಾರೋಸ್ ತುಂಬ ವಯಸ್ಸಾದವರು. ಗೊತ್ತುಮಾಡಿದ್ದಕ್ಕಿಂತ ತಿಂಗಳುಗಟ್ಟಲೆ ಹೆಚ್ಚು ಹಿಡಿದ, ನೂರಾರು ಜನ ದುಡಿದ ಚಿತ್ರೀಕರಣವೊಂದರ ಅವಧಿಯಲ್ಲಿ ಯಾರದ್ದಾದರೂ ಮನೆಯಲ್ಲಿ ಸಾವು, ಕಾಯಿಲೆ, ಅಪಘಾತ ಆಗಿಯೇ ಆಗುತ್ತದೆ. ಬೇರೆ ಸಿನಿಮಾಗಳಲ್ಲಿ ಅದನ್ನು ಯಾರೂ ಎಣಿಸಿಡುವುದಿಲ್ಲ, ಇಲ್ಲಿ ಎಣಿಸಿದರು. ಪ್ರಚಾರಕ್ಕೂ ಅದು ಒದಗಿತು.

ಶಾಪದ ಕಥೆಯ ಬಗ್ಗೆ ನನಗೆ ಬೇಸರವಿರುವುದು ಬೇರೊಂದು ಕಾರಣಕ್ಕೆ. ರೀಗನ್ ಹೊಡೆದಾಗ ತಾಯಿ ಹಿಂದಕ್ಕೆ ಬೀಳುವ ದೃಶ್ಯದಲ್ಲಿ ಎಲೆನ್ ಬರ್ಸ್ಟಿನ್ ಅವರ ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ಜೋರಾಗಿ ಎಳೆದರು. ಅವರ ಬೆನ್ನೆಲುಬಿನ ಕೆಳತುದಿಗೆ ಪೆಟ್ಟಾಯಿತು. ಚಿತ್ರದಲ್ಲಿ ನೀವು ಕೇಳುವ ಆ ಚೀತ್ಕಾರ ನಿಜವಾದ ನೋವಿನದು. ಮಂಚದ ಮೇಲೆ ಎತ್ತಿ ಕುಕ್ಕುವ ಯಂತ್ರದಿಂದ ಲಿಂಡಾ ಬ್ಲೇರ್ ಅವರ ಬೆನ್ನಿಗೂ ಏಟಾಯಿತು, ಅವರಿನ್ನೂ ಚಿಕ್ಕ ಹುಡುಗಿ. ಇವೆಲ್ಲ ಕೆಲಸದ ಜಾಗದಲ್ಲಿ ಎಚ್ಚರ ತಪ್ಪಿದ್ದರಿಂದ ಆದ ಅನಾಹುತಗಳು. ದೆವ್ವದ ಮೇಲೆ ಹೊರಿಸಿದರೆ ಮನುಷ್ಯರ ಹೊಣೆ ಮರೆತುಹೋಗುತ್ತದೆ. ಈ ಸಿನಿಮಾವನ್ನು ಇಷ್ಟು ಮೆಚ್ಚುವ ನಾನು ಅದನ್ನು ಮರೆಯಲು ಸಿದ್ಧನಿಲ್ಲ.

‘ಕಾಣದ ಚಿತ್ರ’ಗಳ ವಿಷಯ ಸರಳ. ಕ್ಯಾರಸ್‌ರ ಕನಸಿನ ದೃಶ್ಯದಲ್ಲಿ ಬಿಳಿ ಬಳಿದ ಮುಖವೊಂದು ಕ್ಷಣದ ಒಂದು ಭಾಗದಷ್ಟು ಹೊತ್ತು ಮಿಂಚಿ ಮಾಯವಾಗುತ್ತದೆ; ಮುಂದೆಯೂ ಅಂಥ ಮಿಂಚು ಇದೆ. ಅದು ಐಲೀನ್ ಡೀಟ್ಸ್ ಎಂಬ ನಟಿಯ ಮುಖ. ಗಮನವಿಟ್ಟು ನೋಡಿದರೆ ಕಾಣುತ್ತದೆ, ನಿಲ್ಲಿಸಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಕಾಣುವ ಚಿತ್ರವನ್ನು ಗುಪ್ತವೆನ್ನುವಂತಿಲ್ಲ, ಅದಕ್ಕೆ ಮನಸ್ಸನ್ನು ಕೆಡಿಸುವ ವಿಶೇಷ ಶಕ್ತಿಯೂ ಇಲ್ಲ. ‘ನಾನು ಏನೋ ಕಂಡೆನಲ್ಲ’ ಎಂಬ ಅನುಮಾನವನ್ನು ಪ್ರೇಕ್ಷಕರಲ್ಲಿ ಉಳಿಸುವ ಸಂಕಲನದ ಉಪಾಯವದು.

ನಿಮ್ಮ ಸದಸ್ಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಎಂದೂ ಹೇಳುತ್ತೇನೆ. ಬಿಡುಗಡೆಯಾದಾಗ ಚಿತ್ರಮಂದಿರಗಳಲ್ಲಿ ಜನ ತಲೆಸುತ್ತಿ ಬಿದ್ದದ್ದು ವರದಿಯಾಗಿದೆ, ಮತ್ತು ಹಲವರು ಬಿದ್ದದ್ದು ಸೂಜಿಯ ದೃಶ್ಯದಲ್ಲೇ ಎಂದು ಆಗಿನವರು ಹೇಳಿದ್ದಾರೆ. ರಕ್ತ, ಸೂಜಿ ಕಂಡಾಗ ಕೆಲವರಲ್ಲಿ ರಕ್ತದೊತ್ತಡ ಥಟ್ಟನೆ ಇಳಿದು ಪ್ರಜ್ಞೆ ತಪ್ಪುತ್ತದೆ; ಅದು ದೇಹದ ಪ್ರತಿಕ್ರಿಯೆ, ಕಾಲು ಸ್ವಲ್ಪ ಎತ್ತರದಲ್ಲಿರುವಂತೆ ಮಲಗಿಸಿದರೆ ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ. ಈ ಸಿನಿಮಾ ನೋಡಿದ ಮೇಲೆ ತೀವ್ರ ಮಾನಸಿಕ ತೊಂದರೆಗೆ ಒಳಗಾದ ನಾಲ್ವರ ಬಗ್ಗೆ 1975ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಬಂದಿತ್ತು. ಕೋಟ್ಯಂತರ ಪ್ರೇಕ್ಷಕರಲ್ಲಿ ಅದು ಅಪರೂಪವೇ. ಆದರೆ ಈಗಾಗಲೇ ಮಾನಸಿಕ ತೊಂದರೆಯಿಂದ ಬಳಲುತ್ತಿರುವವರು, ತಮ್ಮ ಮೇಲೆ ಯಾವುದೋ ಶಕ್ತಿಯ ಹಿಡಿತವಿದೆ ಎಂದು ಭಾವಿಸುವವರು, ಮಗುವಿನ ದೀರ್ಘ ಕಾಯಿಲೆಯನ್ನು ಈಚೆಗೆ ಕಂಡವರು ಇದರಿಂದ ದೂರವಿರುವುದೇ ಒಳಿತು.

ಇದಕ್ಕಿಂತ ದೊಡ್ಡ ಅಪಾಯ ಸಿನಿಮಾವನ್ನು ಪುರಾವೆ ಎಂದು ತಿಳಿಯುವುದರಲ್ಲಿದೆ. 1949ರಲ್ಲಿ ಮೇರಿಲ್ಯಾಂಡಿನ ಹುಡುಗನೊಬ್ಬನಿಗೆ ಪಾದ್ರಿಗಳು ದೆವ್ವ ಬಿಡಿಸಿದರೆಂಬ ಪತ್ರಿಕಾ ವರದಿ, ಆಗ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬ್ಲ್ಯಾಟಿಯವರ ಮನಸ್ಸಿನಲ್ಲಿ ಉಳಿಯಿತು. ಮುಂದೆ ಅದರಿಂದ ಕಾದಂಬರಿ ಹುಟ್ಟಿತು. ಹುಡುಗ ಹುಡುಗಿಯಾದ, ಊರು ಬದಲಾಯಿತು, ಪಾತ್ರಗಳೂ ಸಾವುಗಳೂ ಸೇರಿಕೊಂಡವು. ‘ನೈಜ ಘಟನೆ’ ಎಂಬ ಮಾತಿನಲ್ಲಿ ಇರುವುದು ಇಷ್ಟೇ. ವೈದ್ಯಕೀಯ ಸೋತು ವಿಧಿ ಗೆಲ್ಲುವುದು ಕಥೆಗಾರನ ಆಯ್ಕೆ. ಪಶ್ಚಿಮ ಜರ್ಮನಿಯಲ್ಲಿ ಮೂರ್ಛೆರೋಗವಿದ್ದ 23 ವರ್ಷದ ಯುವತಿಯೊಬ್ಬಳು ತಿಂಗಳುಗಟ್ಟಲೆ ಇಂಥ ವಿಧಿಗೆ ಒಳಗಾಗಿ, ಅನ್ನ ನೀರು ಬಿಟ್ಟು 1976ರಲ್ಲಿ ತೀರಿಕೊಂಡಳು. ಆಕೆಯ ಹೆತ್ತವರನ್ನೂ ಇಬ್ಬರು ಪಾದ್ರಿಗಳನ್ನೂ 1978ರಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಮಾನಿಸಿತು. ಪ್ರದರ್ಶನದ ಬಳಿಕ ಚರ್ಚೆ ಇಟ್ಟುಕೊಳ್ಳುವುದಾದರೆ ಈ ವಿಷಯ ಅಲ್ಲಿ ಬರಲೇಬೇಕು.

ಆವೃತ್ತಿಯ ಪ್ರಶ್ನೆಗೆ ಬರುತ್ತೇನೆ. 1973ರದ್ದು 122 ನಿಮಿಷ, 2000ದಲ್ಲಿ ಬಿಡುಗಡೆಯಾದದ್ದು 132 ನಿಮಿಷ. ಉದ್ದನೆಯದರಲ್ಲಿ ಎರಡು ನಿಜವಾದ ಲಾಭಗಳಿವೆ. ಹಳೆಯ ಆವೃತ್ತಿಯಲ್ಲಿ ರೀಗನ್‌ಳ ಮೊದಲ ವೈದ್ಯಕೀಯ ತಪಾಸಣೆಯನ್ನು ಕತ್ತರಿಸಿದ್ದರಿಂದ, ನಾವು ಯಾವ ವೈದ್ಯರನ್ನೂ ನೋಡುವ ಮೊದಲೇ ತಾಯಿ ‘ಡಾಕ್ಟರು ಹೇಳಿದ ಹಾಗೆ’ ಎನ್ನುತ್ತಾಳೆ. ಹೊಸದರಲ್ಲಿ ಆ ಎಡವಟ್ಟು ಸರಿಯಾಗಿದೆ. ಇನ್ನೊಂದು, ವಿಧಿಯ ನಡುವೆ ದಣಿದ ಪಾದ್ರಿಗಳಿಬ್ಬರು ಮೆಟ್ಟಿಲ ಮೇಲೆ ಕೂತು ಆಡುವ ಮಾತು: ಈ ಹುಡುಗಿಗೇ ಏಕೆ ಎಂಬ ಪ್ರಶ್ನೆಗೆ, ನಾವು ಪ್ರೀತಿಗೆ ಅರ್ಹರಲ್ಲದ ಪ್ರಾಣಿಗಳೆಂದು ನಮ್ಮನ್ನೇ ಹತಾಶೆಗೆ ತಳ್ಳಲು ಎಂಬಂಥ ಉತ್ತರವನ್ನು ಮೆರಿನ್ ಕೊಡುತ್ತಾರೆ. ಬ್ಲ್ಯಾಟಿ ಇದನ್ನು ಬಹಳ ಬಯಸಿದ್ದರು. ನಷ್ಟವೂ ಇದೆ. ಹುಡುಗಿ ಜೇಡದಂತೆ ಮೆಟ್ಟಿಲಿಳಿಯುವ ಪ್ರಸಿದ್ಧ ದೃಶ್ಯ, ಕಥೆಯ ಆ ಕುಡುಕ ನಿರ್ದೇಶಕನ ಸಾವಿನ ಸುದ್ದಿ ಬಂದ ಬೆನ್ನಿಗೇ ಬಂದು ಆ ಸುದ್ದಿಯ ಭಾರವನ್ನು ಕಸಿದುಕೊಳ್ಳುತ್ತದೆ; ಕಂಪ್ಯೂಟರಿನಿಂದ ಅಲ್ಲಲ್ಲಿ ಸೇರಿಸಿದ ದೆವ್ವದ ಮುಖಗಳು ಸಿನಿಮಾ ನಾಜೂಕಾಗಿ ಕಾಪಾಡಿಕೊಂಡ ಸಂಶಯವನ್ನು ಬೇಗನೆ ಒಡೆದುಬಿಡುತ್ತವೆ; ಕೊನೆಯಲ್ಲಿ ಸೇರಿಸಿದ ಸಂಭಾಷಣೆ ಮುಕ್ತಾಯವನ್ನು ಮೃದುವಾಗಿಸುತ್ತದೆ. ಮೊದಲ ಬಾರಿ ನೋಡುವವರಿಗೆ 1973ರದ್ದನ್ನೇ ತೋರಿಸಿ. ಮೆಟ್ಟಿಲ ಮೇಲಿನ ಸಂಭಾಷಣೆಯನ್ನು ಚರ್ಚೆಯ ಹೊತ್ತಿಗೆ ಬೇರೆಯಾಗಿ ತೋರಿಸಬಹುದು. ಬಿಡಿ ದೃಶ್ಯಗಳನ್ನಷ್ಟೇ ತೋರಿಸಿ ಮಾತನಾಡುವ ದಾರಿಯೂ ಉಂಟು, ಸಮಯ ಉಳಿಯುತ್ತದೆ, ಆದರೆ ನಗು ಗ್ಯಾರಂಟಿ.

ಪ್ರದರ್ಶನದ ದಿನ ಸೂಜಿಯ ದೃಶ್ಯವಿದೆ, ಹುಡುಗಿ ಶಿಲುಬೆಯಿಂದ ತನ್ನನ್ನೇ ಗಾಯಗೊಳಿಸಿಕೊಳ್ಳುವ ಘೋರ ದೃಶ್ಯವಿದೆ, ಅಶ್ಲೀಲ ಬೈಗುಳಗಳಿವೆ ಎಂದು ಮೊದಲೇ ಹೇಳಿಬಿಡಿ. ಹೇಳಿದ್ದರಿಂದ ಸಿನಿಮಾದ ಬಲ ಕುಂದುವುದಿಲ್ಲ. ಹದಿನೆಂಟು ದಾಟದವರನ್ನು ಸೇರಿಸಬೇಡಿ. ಬ್ರಿಟನ್ನಿನಲ್ಲಿ 1980ರ ದಶಕದ ವಿಡಿಯೋ ಕಾಯ್ದೆ ಬಂದ ಮೇಲೆ ಮಕ್ಕಳ ಕೈಗೆ ಸಿಕ್ಕೀತೆಂಬ ಚಿಂತೆಯಿಂದ ಇದರ ಮನೆ-ವಿಡಿಯೋಗೆ 1999ರವರೆಗೆ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಆ ಚಿಂತೆಯಲ್ಲಿ ಹುರುಳಿತ್ತು. ಯಾರಾದರೂ ಎದ್ದು ಹೊರಟರೆ ತಡೆಯಬೇಡಿ, ತಮಾಷೆಯನ್ನೂ ಮಾಡಬೇಡಿ. ಧ್ವನಿಯ ಮಟ್ಟವನ್ನು ಪಾತ್ರಗಳ ಮೆಲುಮಾತು ಸ್ಪಷ್ಟವಾಗಿ ಕೇಳುವಷ್ಟಕ್ಕೆ ಗೊತ್ತುಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. ಅಬ್ಬರದ ದೃಶ್ಯ ಬಂದಾಗ ತಗ್ಗಿಸಿದರೆ ನಿರ್ದೇಶಕರು ಕಟ್ಟಿದ ಏರಿಳಿತವೆಲ್ಲ ಸಮತಟ್ಟಾಗುತ್ತದೆ. ಕೋಣೆ ಕತ್ತಲಾಗಿರಲಿ, ಮೊಬೈಲುಗಳು ಹೊರಗಿರಲಿ, ನಡುವೆ ವಿರಾಮ ಬೇಡ.

ಮಕ್ಕಳು ಮುಂದಿನ ಭಾಗಗಳನ್ನು ಕೇಳಿದರೆ 1977ರ ಎರಡನೆಯದನ್ನು ಬಿಟ್ಟು, ಬ್ಲ್ಯಾಟಿಯವರೇ ನಿರ್ದೇಶಿಸಿ 1990ರಲ್ಲಿ ಬಂದ ಮೂರನೆಯದನ್ನು ತೋರಿಸಿ. ಅದರಲ್ಲಿ ಆಸ್ಪತ್ರೆಯ ಉದ್ದನೆಯ ಓಣಿಯೊಂದನ್ನು ದೂರದಿಂದ, ಬಹಳ ಹೊತ್ತು ಕದಲದೆ ನೋಡುವ ಒಂದು ಶಾಟ್ ಇದೆ. ಅದನ್ನಂತೂ ಓಡಿಸದೆ ನೋಡಲು ಹೇಳಿ.